ಎರಡನೇ ಸಾಲು, ಮೂವತ್ತೆಂಟನೇ ಚೌಕ

ನಮ್ಮ ಊರಿನಲ್ಲಿ ಮಳೆ ಚೌಕ ಚೌಕವಾಗಿ ಬೀಳುತ್ತದೆ. ಒಂದು ಚೌಕದ ಈ ಅಂಚಿನಿಂದ ಆ ಅಂಚಿಗೆ ನೂರು ಹೆಜ್ಜೆ. ಅಡ್ಡಕ್ಕೆ ನಲವತ್ತು ಚೌಕ, ಉದ್ದಕ್ಕೆ ಮೂವತ್ತು. ಒಂದರಲ್ಲಿ ಧೋ ಎಂದು ಸುರಿಯುತ್ತಿದ್ದರೆ ಪಕ್ಕದ್ದರಲ್ಲಿ ಹಪ್ಪಳ ಒಣಗುತ್ತಿರುತ್ತದೆ. ಪೇಟೆ ಬೀದಿಯಲ್ಲಿ ನಡೆಯುವಾಗ ಕೊಡೆ ಬಿಚ್ಚುವುದು, ಮಡಚುವುದು, ಮತ್ತೆ ಬಿಚ್ಚುವುದು ನಮಗೆ ಎಂದೋ ಅಭ್ಯಾಸವಾಗಿಹೋಗಿದೆ. ಹೈಸ್ಕೂಲಿನ ಆಟದ ಬಯಲು ಎರಡು ಚೌಕಗಳ ಮೇಲೆ ಹರಡಿಕೊಂಡಿರುವುದರಿಂದ ಬ್ಯಾಟು ಹಿಡಿದವನು ಬಿಸಿಲಿನಲ್ಲಿ ಬೆವರುತ್ತಿದ್ದರೆ ಬೌಂಡರಿ ಕಾಯುವವನು ತೊಪ್ಪೆಯಾಗಿ ನೆನೆದಿರುತ್ತಾನೆ. ಮದುವೆ ಮನೆಯವರು ಚಪ್ಪರವನ್ನು ಒಣ ಚೌಕದಲ್ಲಿ ಹಾಕಿ, ಪಾತ್ರೆ ತೊಳೆಯುವುದನ್ನು ಹಸಿ ಚೌಕದಲ್ಲಿ ಇಟ್ಟುಕೊಳ್ಳುತ್ತಾರೆ. "ಹುಡುಗ ಚಿನ್ನದಂಥವನು, ಆದರೆ ಮನೆ ಹಸಿ ಚೌಕದಲ್ಲಿದೆ, ಒಂದು ಸಂಡಿಗೆಯೂ ಒಣಗೋದಿಲ್ಲ" ಎಂದು ಒಳ್ಳೆಯ ಸಂಬಂಧ ಕೈಬಿಟ್ಟವರೂ ಇದ್ದಾರೆ.

ಪ್ರತಿ ಚೌಕದಲ್ಲೂ ಒಂದು ಮನೆಗೆ ಪುರಸಭೆ ಗಾಜಿನ ಅಳತೆ ಜಾಡಿ ಕೊಟ್ಟಿದೆ. ಜಾಡಿಯಲ್ಲಿ ಎಷ್ಟು ನೀರು ನಿಂತಿದೆ, ಹಿಂದಿನ ದಿನ ಎಷ್ಟು ಗಂಟೆ ಬಿಸಿಲಿತ್ತು ಎಂದು ಆ ಮನೆಯವರು ಬೆಳಿಗ್ಗೆ ಚೀಟಿಯಲ್ಲಿ ಬರೆದು ಕಳಿಸಬೇಕು. ಆ ಚೀಟಿಗಳೆಲ್ಲ ಬಂದು ಬೀಳುವುದು ನನ್ನ ಮೇಜಿನ ಮೇಲೆ. ನಾನು ಪುರಸಭೆಯ ಮಳೆ ವಿಭಾಗದಲ್ಲಿ ಎರಡು ವರ್ಷದಿಂದ ಇದ್ದೇನೆ. ಹೆಸರು ಹೈಮಾವತಿ. ಊರಿನವರು ಕರೆಯುವುದು ಮಾತ್ರ ನಕ್ಷೆ ಕೂಡೋ ಹೈಮಾ ಎಂದು.

ಆ ಹೆಸರಿನಲ್ಲಿ ತಪ್ಪೇನಿಲ್ಲ. ಸಂಖ್ಯಾಶಾಸ್ತ್ರದವರು ಬಳಸುವ ಒಂದು ಸಾಫ್ಟ್‌ವೇರ್ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿದೆ. ಒತ್ತುವುದಕ್ಕೆ ಬಣ್ಣದ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಬರಿಯ ಬಿಳಿ ಪರದೆ, ಅದರ ಮೇಲೆ ಮಿನುಗುವ ಒಂದು ಗೆರೆ. ಬೇಕಾದ್ದನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿದರೆ ಅದು ಲೆಕ್ಕ ಮಾಡಿ ಕೊಡುತ್ತದೆ. ಮಳೆಯದು ಒಂದು ಹಾಳೆ, ಬಿಸಿಲಿನದು ಒಂದು, ಇಳಿಜಾರಿನದು ಒಂದು, ಖಾಲಿ ಜಾಗದ್ದು ಒಂದು. ಪ್ರತಿ ಹಾಳೆಯಲ್ಲೂ ಸಾವಿರದ ಇನ್ನೂರು ಚೌಕ, ಚೌಕಕ್ಕೊಂದು ಅಂಕಿ. ಒಂದು ಹಾಳೆಯ ಮೇಲೆ ಇನ್ನೊಂದನ್ನು ಇಟ್ಟಂತೆ, ಮೇಲಿನ ಚೌಕದ ಅಂಕಿಯನ್ನು ಅದರ ಸರಿ ಕೆಳಗಿನ ಚೌಕದ ಅಂಕಿಗೆ ಕೂಡಬಹುದು, ಕಳೆಯಬಹುದು, ಗುಣಿಸಬಹುದು. ಶಾಲೆಯಲ್ಲಿ ಕಲಿತ ಬೀಜಗಣಿತವೇ. ಎಕ್ಸು ವೈಗಳಿದ್ದ ಜಾಗದಲ್ಲಿ ಇಡೀ ಊರನ್ನು ತಂದಿಟ್ಟಂತೆ, ಅಷ್ಟೆ. ಮಾವಿನ ಸಸಿ ಎಲ್ಲಿ ನೆಡಬೇಕು, ಬಸ್ ನಿಲ್ದಾಣಕ್ಕೆ ಎಲ್ಲಿ ಸೂರು ಹಾಕಬೇಕು ಎಂಬುದನ್ನೆಲ್ಲ ನಾನು ಹೀಗೆ ಕೂಡಿಸಿ ಗುಣಿಸಿ ಹೇಳಿದ್ದೆ. ಹೇಳಿದ್ದು ಸರಿಹೋಗಿಯೂ ಇತ್ತು. ಅದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಪ್ರತಿ ಯುಗಾದಿಗೆ ಒಂದೆರಡು ಚೌಕಗಳು ಸ್ವಭಾವ ಬದಲಿಸುತ್ತವೆ. ಈ ಸಲ ಬದಲಿಸಿದ್ದು ಮಡಿವಾಳರ ಒಣ ಚೌಕ. ಅವರು ಬಟ್ಟೆ ಒಗೆಯುವ ಚೌಕದಲ್ಲಿ ಎಂದಿನಂತೆ ಮಳೆ, ಕಲ್ಲಿನ ತೊಟ್ಟಿಗಳ ತುಂಬ ನೀರು. ಆದರೆ ಐವತ್ತು ವರ್ಷದಿಂದ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಚೌಕದಲ್ಲೂ ಬೇವುಬೆಲ್ಲದ ಮರುದಿನವೇ ಮಳೆ ಶುರುವಾಯಿತು. ಹಗ್ಗದ ಮೇಲೆ ಹಾಕಿದ ಪಂಚೆಗಳು ಎರಡನೇ ಸಲ ನೆನೆದವು, ಮೂರನೇ ಸಲ ನೆನೆದವು. ತಿಂಗಳೊಪ್ಪತ್ತಿನಲ್ಲಿ ಇಡೀ ಊರು ಒದ್ದೆ ವಾಸನೆ ಹೊಡೆಯತೊಡಗಿತು. ಪೊಲೀಸಿನವರು ತಣ್ಣಗಿನ ಖಾಕಿ ತೊಟ್ಟು ಸೀನುತ್ತಿದ್ದರು. ಆಸ್ಪತ್ರೆಯ ಹಾಸಿಗೆಗಳಿಗೆ ಚಾದರವಿಲ್ಲ. ಪುರಸಭೆಯ ಅಧ್ಯಕ್ಷರು ಎಂದರೆ ಬಲು ಠೀವಿಯ ಹೆಂಗಸು, ಅವರ ರೇಷ್ಮೆ ಸೀರೆಯ ಅಂಚಿನಲ್ಲೂ ಬೂಷ್ಟು ಬಂದಿತ್ತು ಎಂದ ಮೇಲೆ ಉಳಿದವರ ಪಾಡು ಹೇಳಬೇಕಾಗಿಲ್ಲ.

ಒಂದು ಸೋಮವಾರ ಮಾಚಮ್ಮ ಕಚೇರಿಗೆ ಬಂದಳು. ನಲವತ್ತೆರಡು ಮಡಿವಾಳ ಮನೆಗಳಿಗೆ ಅವಳೇ ಹಿರಿಯಳು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಮಾತು ಕಲ್ಲಿನ ಮೇಲೆ ಬಟ್ಟೆ ಬಡಿದ ಹಾಗೆ. ನಮ್ಮ ಮೇಲಧಿಕಾರಿ ಗುರುಶಾಂತಪ್ಪನವರ ಮೇಜಿನ ಮುಂದೆ ನಿಂತು ಸೆರಗು ಸಿಕ್ಕಿಸಿಕೊಂಡಳು.

"ನಮ್ ತಂಗಿ ಊರಾಗೆ ಹೊಳೆ ಐತೆ ಸ್ವಾಮಿ. ಬರ್ರಿ ಅಂತ ಕರೀತಾವ್ರೆ. ಮಳೆ ಮಾತ್ರ ಊರೆಲ್ಲಾ ಒಂದೇ ಥರ ಬೀಳ್ತೈತಂತೆ, ಅದೊಂದು ಕಷ್ಟ. ಆದ್ರೂ ಏನ್ಮಾಡಾದು? ಶುಕ್ರವಾರದ ಮೀಟಿಂಗ್‌ನಾಗೆ ನಮ್ಗೊಂದು ಜಾಗ ತೋರಿಸ್ರಿ. ಇಲ್ಲಾಂದ್ರೆ ಶನಿವಾರ ಗಂಟುಮೂಟೆ ಕಟ್ತೀವಿ."

ಗುರುಶಾಂತಪ್ಪನವರು ನನ್ನ ಕಡೆ ತಿರುಗಿದರು. "ಹೈಮಾವ್ರೇ, ನಿಮ್ಮ ಹಾಳೆಗಳನ್ನ ಕೂಡಿಸಿ ಒಂದು ಜಾಗ ಹುಡುಕ್ರಿ. ಬುಧವಾರದೊಳಗೆ ವರದಿ ನನ್ನ ಕೈಗೆ ಬರಬೇಕು."

ಮಾಚಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಂಪ್ಯೂಟ್ರಮ್ಮ ಹೇಳ್ತೈತಾ ಜಾಗಾನ? ಹೇಳ್ಲಿ ಹೇಳ್ಲಿ" ಎಂದು ಅಲ್ಲೇ ಬೆಂಚಿನ ಮೇಲೆ ಕೂತಳು. ಮರುದಿನವೂ ಬಂದು ಅದೇ ಬೆಂಚಿನ ಮೇಲೆ ಕೂತಳು.

ಮಂಗಳವಾರ ನಾನು ಉತ್ಸಾಹದಿಂದ ಕೆಲಸಕ್ಕೆ ತೊಡಗಿದೆ. ಬಟ್ಟೆ ಒಗೆಯಲು ಸಾಲುವಷ್ಟು ಮಳೆ ಇರುವ ಚೌಕಕ್ಕೆ ಒಂದು, ಇಲ್ಲದ್ದಕ್ಕೆ ಸೊನ್ನೆ. ಐದು ಗಂಟೆಗಿಂತ ಹೆಚ್ಚು ಬಿಸಿಲು ಇರುವ ಚೌಕಕ್ಕೆ ಒಂದು, ಇಲ್ಲದ್ದಕ್ಕೆ ಸೊನ್ನೆ. ಖಾಲಿ ಜಾಗಕ್ಕೆ ಒಂದು, ಮನೆಗಳಿರುವಲ್ಲಿ ಸೊನ್ನೆ. ಮೂರು ಹಾಳೆಗಳನ್ನೂ ಗುಣಿಸಿದರೆ ಎಲ್ಲ ಷರತ್ತಿಗೂ ಒಪ್ಪುವ ಚೌಕದಲ್ಲಿ ಮಾತ್ರ ಒಂದು ಉಳಿಯುತ್ತದೆ. ಒಂದು ಬಂದ ಕಡೆ ಹಸಿರು, ಸೊನ್ನೆ ಬಂದ ಕಡೆ ಬೂದು ಬಣ್ಣ ಬರಲಿ ಎಂದು ಬರೆದು ಕಳಿಸಿದೆ.

ಇಡೀ ಊರು ಬೂದು ಬಣ್ಣವಾಗಿ ಬಂತು. ಮೇಲಿನ ಬಲಮೂಲೆಯ ಹತ್ತಿರ ಒಂದು ಬಿಳಿ ಚುಕ್ಕಿ ಕಂಡಿತು. ಗೋಡೆಯಿಂದ ಪರದೆಯ ಮೇಲೆ ಉದುರಿದ ಸುಣ್ಣವಿರಬೇಕೆಂದು ಸೆರಗಿನಲ್ಲಿ ಒರೆಸಿದೆ. ಹೋಗಲಿಲ್ಲ. ಅದರ ಕಡೆಗೆ ನನ್ನ ಗಮನವೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಏನಂತೈತವ್ವಾ?" ಬೆಂಚಿನಿಂದ ಮಾಚಮ್ಮ ಕೇಳಿದಳು.

"ಎಲ್ಲೂ ಜಾಗ ಇಲ್ಲ ಅಂತಿದೆ ಮಾಚಮ್ಮ. ಮಳೆನೂ ಇರಬೇಕು, ಬಿಸಿಲೂ ಇರಬೇಕು ಅಂತ ಕೇಳಿದೆ. ಅಂಥ ಚೌಕ ಒಂದೂ ಇಲ್ಲ."

ಅವಳು ಎದ್ದು ಬಂದು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನಗತೊಡಗಿದಳು. ನಗು ನಿಲ್ಲಲಿಲ್ಲ. ಪಕ್ಕದ ಕೋಣೆಯಿಂದ ಜನನ ಮರಣ ವಿಭಾಗದವರು ಇಣುಕಿದರು.

"ಒಂದೇ ಚೌಕದಾಗೆ ಎಲ್ಡೂ ಕೇಳಿದ್ಯಾ? ಒಗೆಯೋ ಕಲ್ಲಿನ ಮ್ಯಾಲೇ ಯಾರಾನ ಒಣಗಾಕ್ತಾರೇನವ್ವಾ? ಒಗೆಯಾದು ಇಲ್ಲಿ, ಒಣಗಾಕಾದು ಪಕ್ಕದಾಗೆ. ಒದ್ದೆ ಗಂಟು ಹೊತ್ಕಂಡು ಬಾಳ ದೂರ ನಡಿಯಾಕಾಗಲ್ಲ, ಅದಕ್ಕೇ ಪಕ್ಕದಾಗೇ ಇರ್ಬೇಕು. ನೀನು ಒಂದಿನಾನೂ ಬಟ್ಟೆ ಒಗೆದಿಲ್ವಾ?"

ನನ್ನ ಮುಖ ಕೆಂಪಾಗಿರಬೇಕು. ಮಳೆ ಮತ್ತು ಬಿಸಿಲು ಒಂದೇ ಕಡೆ ಇರುವುದಿಲ್ಲ ಎಂಬುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಕಂಪ್ಯೂಟರಿನ ಮುಂದೆ ಕೂತ ನನಗೆ ಅದು ಹೊಳೆದಿರಲಿಲ್ಲ. ಕುರ್ಚಿ ಎಳೆದು ಮಾಚಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಸರಿ, ನೀವೇ ಹೇಳಿ. ಏನೇನು ಬೇಕು?"

ಅವಳು ಬೆರಳು ಮಡಚಿ ಹೇಳಿದಳು, ನಾನು ಬರೆದುಕೊಂಡೆ. ಒಗೆಯುವ ಚೌಕದಲ್ಲಿ ಮಳೆ. ಅದರ ಸುತ್ತಲಿನ ಎಂಟು ಚೌಕಗಳಲ್ಲಿ ಕಡೇಪಕ್ಷ ಮೂರರಲ್ಲಿ ಬಿಸಿಲು, ಏಕೆಂದರೆ ನಲವತ್ತೆರಡು ಮನೆಯವರ ಹಗ್ಗಕ್ಕೆ ಹಳೆಯ ಒಂದೇ ಚೌಕ ಎಂದೋ ಇಕ್ಕಟ್ಟಾಗಿತ್ತು. ಸೋಪಿನ ನೀರು ಹರಿದುಹೋಗುವಷ್ಟು ಇಳಿಜಾರು. ನೆಲ ಕೆಸರಾಗದಂತೆ ಕಲ್ಲಿರಬೇಕು. ಯಾರ ಮನೆಯೂ ಇರಬಾರದು. ಬಿಸಿಲು ಬೆಳಿಗ್ಗೆಯದೋ ಮಧ್ಯಾಹ್ನದ್ದೋ ಎಂದು ಕೇಳಿದೆ. "ಬೆಳಿಗ್ಗೆದು ರೇಷ್ಮೆಗೆ, ಮದ್ಯಾನದ್ದು ಹಚ್ಚಡಕ್ಕೆ" ಎಂದಳು. ಅದಕ್ಕೆ ನನ್ನ ಹತ್ತಿರ ಹಾಳೆ ಇರಲಿಲ್ಲ.

ಬುಧವಾರ ಬೆಳಿಗ್ಗೆ ಹೊಸ ಸಾಲು ಬರೆದೆ. ಮೂರು ಅಡ್ಡ ಮೂರು ಉದ್ದದ ಒಂದು ಚಿಕ್ಕ ಕಿಟಕಿ ಊರಿನ ಮೇಲೆ ಚೌಕದಿಂದ ಚೌಕಕ್ಕೆ ಸರಿಯುತ್ತ ಹೋಗುತ್ತದೆ. ಪ್ರತಿ ಸಲವೂ ಅದರೊಳಗಿನ ಬಿಸಿಲಿನ ಚೌಕಗಳನ್ನು ಎಣಿಸಿ ನಡುವಿನ ಚೌಕದಲ್ಲಿ ಬರೆಯುತ್ತದೆ. ಆ ಎಣಿಕೆಯನ್ನು ಮಳೆಯ ಹಾಳೆಗೂ, ಮಿಕ್ಕ ಹಾಳೆಗಳಿಗೂ ಗುಣಿಸಿದೆ. ಮಾಚಮ್ಮ ಪಕ್ಕದಲ್ಲೇ ಕೂತಿದ್ದಳು.

ಈ ಸಲವೂ ಊರೆಲ್ಲ ಬೂದು. ಮಳೆಯಿದ್ದ ಕಡೆ ಮನೆಗಳಿದ್ದವು, ಮನೆಯಿಲ್ಲದ ಕಡೆ ಮಳೆಯಿರಲಿಲ್ಲ. ಆದರೆ ಬಲಮೂಲೆಯ ಆ ಬಿಳಿ ಚುಕ್ಕಿ ಈಗ ಒಂದೇ ಆಗಿರಲಿಲ್ಲ. ಒಂಬತ್ತಾಗಿತ್ತು.

"ಇದೇನಿದು ಬೆಳ್ಳಗೆ?" ಎಂದಳು ಮಾಚಮ್ಮ.

ಸುಣ್ಣವಲ್ಲ ಎಂಬುದು ಅಷ್ಟು ಹೊತ್ತಿಗೆ ನನಗೂ ಖಾತ್ರಿಯಾಗಿತ್ತು. ಎರಡನೇ ಸಾಲು, ಮೂವತ್ತೆಂಟನೇ ಚೌಕ. ಆ ಚೌಕದ ಮಳೆಯ ಅಂಕಿಯೂ ಇಲ್ಲ, ಬಿಸಿಲಿನ ಅಂಕಿಯೂ ಇಲ್ಲ. ನಮ್ಮ ಸಾಫ್ಟ್‌ವೇರಿನ ಗುಣವೆಂದರೆ, ಗೊತ್ತಿಲ್ಲದ್ದಕ್ಕೆ ಏನನ್ನು ಕೂಡಿದರೂ ಗೊತ್ತಿಲ್ಲ ಎಂದೇ ಹೇಳುತ್ತದೆ. ನೆರೆಯ ಎಂಟು ಚೌಕಗಳೂ ಬಿಸಿಲು ಎಣಿಸುವಾಗ ಅದನ್ನು ಕೇಳಿದ್ದವು. ಅದಕ್ಕೆ ಗೊತ್ತಿಲ್ಲದೆ ಇವಕ್ಕೂ ಗೊತ್ತಾಗದೆ ಎಲ್ಲವೂ ಬೆಳ್ಳಗಾಗಿದ್ದವು.

"ಅಲ್ಲಿ ಏನಿದೆ ಅಂತ ಗೊತ್ತಿಲ್ಲ ಮಾಚಮ್ಮ."

"ಗೊತ್ತಿಲ್ಲ ಅಂದ್ರೆ? ಮಳೆ ಇಲ್ಲ ಅಂತಾನಾ?"

"ಇಲ್ಲ ಅಂತಲ್ಲ. ಇದೆಯೋ ಇಲ್ಲವೋ ಅಂತಾನೇ ಗೊತ್ತಿಲ್ಲ."

ಹಳೆಯ ಕಡತಗಳನ್ನು ತೆಗೆದೆ. ನನಗಿಂತ ಮುಂಚೆ ಇದ್ದವರು ಆ ಚೌಕಕ್ಕೆ ವರ್ಷಾನುಗಟ್ಟಲೆ ಸೊನ್ನೆ ಬರೆದಿದ್ದರು, ಚೀಟಿ ಬಾರದ್ದನ್ನು ನಾನು ಖಾಲಿ ಬಿಡುತ್ತಿದ್ದೆ. ಚೀಟಿಗಳ ಕಟ್ಟನ್ನು ಬಿಚ್ಚಿ ಹುಡುಕಿದರೆ ಅಲ್ಲಿಂದ ಒಂದು ಚೀಟಿಯೂ ಬಂದಿರಲಿಲ್ಲ. ಗುರುಶಾಂತಪ್ಪನವರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ, ಆದರೆ ಅಂದು ಒದ್ದೆ ಪ್ಯಾಂಟು ತೊಟ್ಟಿದ್ದರು.

"ಅದು ಮುಚ್ಚಿದ ಹತ್ತಿ ಗಿರಣಿ ಅಂಗಳ. ಗಿರಣಿಯವರು ಹೋದ ಮೇಲೆ ಪುರಸಭೆಗೆ ಬಂತು. ಅಲ್ಲಿ ಯಾರಿದ್ದಾರೆ ಅಂತ ಚೀಟಿ ಕಳಿಸ್ತಾರೆ? ಸುತ್ತ ಎಂಟು ಚೌಕದ್ದು ಸರಾಸರಿ ತೆಗೆದು ಹಾಕಿಬಿಡಿ. ಎಲ್ಲ ಕಡೆ ಹಾಗೇ ಮಾಡ್ತಾರೆ."

ಸುತ್ತಲಿನ ಎಂಟೂ ಒಣ ಚೌಕಗಳು. ಸರಾಸರಿ ತೆಗೆದರೆ ಮಳೆ ದಿನಕ್ಕೆ ಎರಡು ಮಿಲಿಮೀಟರು ಬಂತು. ಅದನ್ನು ತುಂಬಿದ ಕೂಡಲೇ ಬಿಳಿ ಕಲೆ ಮಾಯವಾಗಿ ಊರೆಲ್ಲ ನೀಟಾಗಿ ಬೂದು ಬಣ್ಣಕ್ಕೆ ತಿರುಗಿತು. "ಮಡಿವಾಳರ ಕೆಲಸಕ್ಕೆ ಯೋಗ್ಯವಾದ ಜಾಗ ಊರಿನ ಮಿತಿಯಲ್ಲಿ ಇರುವುದಿಲ್ಲ" ಎಂದು ವರದಿ ಬರೆದೆ. ಗುರುಶಾಂತಪ್ಪನವರು ಸಹಿ ಹಾಕಿ ಅಧ್ಯಕ್ಷರ ಕೋಣೆಗೆ ಕಳಿಸಿದರು.

ಮಾಚಮ್ಮನಿಗೆ ಹೇಳಿದಾಗ ಅವಳು ನಗಲಿಲ್ಲ. ಬೆಂಚಿನ ಮೇಲಿಟ್ಟಿದ್ದ ಎಲೆಯಡಿಕೆ ಚೀಲವನ್ನು ಎತ್ತಿಕೊಂಡು, "ಆಗ್ಲಿ ಬಿಡವ್ವ. ನೀನು ಕೈಲಾದ್ದು ಮಾಡಿದ್ದೀಯ" ಎಂದಳು. ಅವಳು ಬೈದಿದ್ದರೆ ನನಗೆ ಅಷ್ಟು ಚುರುಕ್ಕೆನ್ನುತ್ತಿರಲಿಲ್ಲ. ಸಾವಿರದ ಇನ್ನೂರು ಅಂಕಿಗಳಲ್ಲಿ ಒಂದನ್ನು ನಾನು ಕೂತಲ್ಲೇ ಹುಟ್ಟಿಸಿದ್ದೆ. ಆ ಒಂದರ ಮೇಲೆ ನಲವತ್ತೆರಡು ಮನೆಗಳು ಊರು ಬಿಡಲಿದ್ದವು. ಅವಳು ಬಾಗಿಲು ದಾಟುವಷ್ಟರಲ್ಲಿ ಓಡಿಹೋಗಿ ತಡೆದೆ.

"ಆ ಎರಡು ಮಿಲಿಮೀಟರು ನಾನು ಅಂದಾಜಿಗೆ ಹಾಕಿದ್ದು ಮಾಚಮ್ಮ. ಯಾರೂ ನೋಡಿಲ್ಲ."

"ಯಾರೂ ನೋಡಿಲ್ವಾ? ಮತ್ತೆ ಕಾಲಿರೋದು ಯಾತಕ್ಕವ್ವ? ನಾಳೆ ಹೋಗಿ ನೋಡಾಣ ನಡಿ."

ಗುರುವಾರ ಮಧ್ಯಾಹ್ನ ಇಬ್ಬರೂ ಹೊರಟೆವು. ಕಚೇರಿಯಿಂದ ಒಂದು ಜಾಡಿ ತೆಗೆದುಕೊಂಡಿದ್ದೆ. ದಾರಿಯಲ್ಲಿ ಏಳು ಸಲ ಕೊಡೆ ಬಿಚ್ಚಿ ಏಳು ಸಲ ಮಡಚಿದೆವು. ಊರಿನ ಬಡಗಣ ಅಂಚಿಗೆ ಬಂದಾಗ ಮನೆಗಳು ಕಡಿಮೆಯಾಗಿ ಕಲ್ಲುನೆಲ ಶುರುವಾಯಿತು. ಬೆನ್ನು ಸುಡುವ ಬಿಸಿಲು. ಎದುರಿಗೆ ಗಿರಣಿಯ ಎತ್ತರದ ಗೋಡೆ, ಚೌಕದ ಗೆರೆಯ ಮೇಲೇ ಕಟ್ಟಿದಂತೆ. ಗೋಡೆಯಿಂದ ಎರಡು ಚೌಕ ಈಚೆಗೆ ಒಂದು ಚಹಾದ ಅಂಗಡಿ ಇತ್ತು. ಅಂಗಡಿಯವನನ್ನು, ಗಿರಣಿಯ ಅಂಗಳದಲ್ಲಿ ಮಳೆಯೇನಾದರೂ ಬರುವುದುಂಟೇ ಎಂದು ಕೇಳಿದೆ.

"ಬರೋದುಂಟೇ ಅಂದ್ರೆ? ದಿನಾ ಮೂರು ಗಂಟೆಗೆ ಸುರೀತದಲ್ಲ! ನಾನು ಗಡಿಯಾರ ಸರಿಮಾಡ್ಕೊಳ್ಳೋದೇ ಅದನ್ನ ನೋಡಿ."

"ಮತ್ತೆ ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ಲ?"

"ಯಾರೂ ಕೇಳ್ಲಿಲ್ಲವಲ್ಲ ಮೇಡಂ."

ಮಾಚಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಾವು ಗೋಡೆಯ ಮರದ ಬಾಗಿಲ ಮುಂದೆ ಹೋಗಿ ನಿಂತಾಗ ಮೂರಕ್ಕೆ ಐದು ನಿಮಿಷವಿತ್ತು. ಬಾಗಿಲು ತಟ್ಟಿದೆವು, ಉತ್ತರವಿಲ್ಲ. ಇದ್ದಕ್ಕಿದ್ದಂತೆ ಗೋಡೆಯಾಚೆ ತಗಡಿನ ಮೇಲೆ ಕಾಳು ಸುರಿದ ಹಾಗೆ ಸದ್ದಾಯಿತು. ನಮ್ಮ ಮೇಲೆ ಒಂದು ಹನಿಯೂ ಇಲ್ಲ, ಆದರೆ ಬಾಗಿಲಿನ ಅಡಿಯಿಂದ ನೀರು ಹರಿದು ಬಂದು ನಮ್ಮ ಚಪ್ಪಲಿಗಳನ್ನು ತೋಯಿಸಿತು. ಆ ಸದ್ದಿನ ನಡುವೆ ಇನ್ನೊಂದು ದನಿ ಕೇಳಿಸಿತು. ಕ್ಲಾರಿನೆಟ್. ಮೇಲಕ್ಕೆ ಏರುವುದು, ನಡುವೆ ಕಟ್ಟಾಗುವುದು, ಮತ್ತೆ ಮೊದಲಿನಿಂದ ಏರುವುದು.

ಮಾಚಮ್ಮ ಬಾಗಿಲಿಗೆ ಕಿವಿಯಿಟ್ಟು ಕೇಳಿದಳು. ಅವಳ ಮುಖ ಬದಲಾಯಿತು. ಆಮೇಲೆ ಎರಡೂ ಕೈಗಳಿಂದ ಬಾಗಿಲು ಬಡಿದಳು. ಕಲ್ಲಿಗೆ ಕಂಬಳಿ ಬಡಿದು ಅಭ್ಯಾಸವಿದ್ದ ಕೈ, ಬಾಗಿಲು ಅಲುಗಿಹೋಯಿತು. ಊದುವುದು ನಿಂತಿತು. ಸ್ವಲ್ಪ ಹೊತ್ತಿಗೆ ಅಗುಳಿ ಸರಿದು, ತೋಯ್ದ ಬನಿಯನ್ನಿನಲ್ಲಿ ಒಬ್ಬ ಮುದುಕ ಕಾಣಿಸಿಕೊಂಡ. ತೆಳ್ಳನೆಯ ಬಿಳಿ ಗಡ್ಡದಿಂದ ನೀರು ಇಳಿಯುತ್ತಿತ್ತು. ಕೈಯಲ್ಲಿ ಕರಿಯ ವಾದ್ಯ.

"ದಾದಾಪೀರ್ ಸಾಬ್ರೇ!" ಎಂದಳು ಮಾಚಮ್ಮ. "ನೀವು ಇನ್ನೂ ಇದ್ದೀರಾ?"

"ಯಾಕಮ್ಮ, ಇರಬಾರದಿತ್ತಾ?"

ಊರಿನಲ್ಲಿ ಒಂದು ಕಾಲಕ್ಕೆ ದಾದಾಪೀರರ ಬ್ಯಾಂಡ್ ಸೆಟ್ ಇಲ್ಲದೆ ಮದುವೆಯಾಗುತ್ತಿರಲಿಲ್ಲವಂತೆ. ಬ್ಯಾಂಡು ಚದುರಿದ ಮೇಲೆ ಅವರು ಗಿರಣಿಯ ಕಾವಲಿಗೆ ಸೇರಿದ್ದರು. ಗಿರಣಿ ಮುಚ್ಚಿದರೂ ಅವರಿಗೆ ಹೋಗು ಎಂದು ಯಾರೂ ಹೇಳಲಿಲ್ಲ, ಹಾಗಾಗಿ ಅಲ್ಲೇ ಉಳಿದಿದ್ದರು. ನನ್ನ ಕೈಯ ಜಾಡಿ ಕಂಡದ್ದೇ ಅವರ ಹುಬ್ಬು ಗಂಟಾಯಿತು.

"ಮಳೆ ಆಫೀಸಿನವರಾ? ಹಿಂದೆ ಒಬ್ಬರು ಬಂದಿದ್ದರು. ಆಗಲೇ ಹೇಳಿ ಕಳಿಸಿದೀನಿ. ಜಾಡಿ ಗೀಡಿ ಬೇಡ ನನಗೆ."

"ಯಾಕೆ ಬೇಡ ಅಂತ ಕೇಳಬಹುದಾ?" ಎಂದೆ.

ಅವರು ಮಳೆಯ ಕಡೆಗೆ ನೋಡಿದರು. ಕಲ್ಲುಹಾಸಿನ ದೊಡ್ಡ ಅಂಗಳ, ಅದರ ತುಂಬ ಬೆಳ್ಳನೆಯ ಮಳೆ, ನಾಲ್ಕೂ ಕಡೆ ಗೋಡೆಯಾಚೆ ಹೊಳೆಯುವ ಬಿಸಿಲು.

"ನೀವು ಬರಕೊಂಡು ಹೋದರೆ ನಾಳೆ ಒಬ್ಬರು ಬರ್ತಾರೆ, ನಾಡಿದ್ದು ಹತ್ತು ಜನ ಬರ್ತಾರೆ. ನನ್ನ ಉಸಿರು ಈಗ ನಿಲ್ಲೋದಿಲ್ಲಮ್ಮ. ಮೇಲಿನ ಸ್ವರಕ್ಕೆ ಹೋದರೆ ಒಡೆದುಹೋಗುತ್ತೆ. ಈ ಮಳೆ ಸದ್ದಿನಲ್ಲಿ ಊದಿದರೆ ಯಾರಿಗೂ ಕೇಳೋದಿಲ್ಲ. ನನಗೂ ಅರ್ಧ ಕೇಳೋದಿಲ್ಲ. ಅದಕ್ಕೇ ಊದ್ತೀನಿ."

ನಾನು ಜಾಡಿಯನ್ನು ಸೆರಗಿನ ಮರೆಗೆ ಸರಿಸಿದೆ. ಮಾಚಮ್ಮ ಮಾತ್ರ ಮಳೆಯಲ್ಲೇ ಒಳಗೆ ಕಾಲಿಟ್ಟಳು.

"ನನ್ ಮದ್ವೆ ಮೆರವಣಿಗ್ಯಾಗೆ ನೀವೇ ಊದಿದ್ದು ಸಾಬ್ರೇ. ಪೇಟೆ ಬೀದ್ಯಾಗೆ ಹಸಿ ಚೌಕಕ್ಕೆ ಬಂದಿದ್ದೇ ತಡ ಡ್ರಮ್ಮು ನೆಂದು ಬೊದ್ ಬೊದ್ ಅಂತು. ತುತ್ತೂರಿಯವ್ರು ಚಾವಡಿ ಕೆಳಗೆ ಓಡಿದ್ರು. ನೀವೊಬ್ರೇ ನಿಲ್ಲಿಸ್ಲಿಲ್ಲ. ನಾನು ಸೀರೆ ನೆನೀತು ಅಂತ ಅಳ್ತಿದ್ದೋಳು ನಿಮ್ನ ನೋಡಿ ನಕ್ಕುಬಿಟ್ಟೆ. ನಮ್ಮತ್ತೆ ಅದಕ್ಕೆ ಒಂದು ವರ್ಷ ಬೈದ್ಲು."

ದಾದಾಪೀರರ ಹುಬ್ಬು ಸಡಿಲವಾಯಿತು. ನಮ್ಮನ್ನು ತಗಡಿನ ಮಾಡಿನ ಕೆಳಗೆ ಕೂರಿಸಿ ಚಹಾ ಕಾಸಿದರು. ಮಾಚಮ್ಮ ತಮ್ಮ ಪಾಡನ್ನೆಲ್ಲ ಹೇಳಿದಳು. ನಾನು ಜಾಡಿಯನ್ನು ಅಂಗಳದ ನಡುವೆ ಇಡಲು ಅಪ್ಪಣೆ ಕೇಳಿದೆ. ಅವರು ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ, ನಾನು ಹೋಗಿ ಇಟ್ಟುಬಂದೆ. ನಾಲ್ಕು ಗಂಟೆಗೆ ಮಳೆ ನಲ್ಲಿ ತಿರುಗಿಸಿದಂತೆ ನಿಂತಿತು. ತಡವಾಗಿ ಇಟ್ಟರೂ ಜಾಡಿಯಲ್ಲಿ ನಲವತ್ತೆಂಟು ಮಿಲಿಮೀಟರು ನೀರಿತ್ತು. ಮಾಚಮ್ಮ ಆಗಲೇ ಅಂಗಳದ ಕಲ್ಲುಗಳನ್ನು ಅಂಗಾಲಿನಿಂದ ಉಜ್ಜಿ ನೋಡುತ್ತಿದ್ದಳು. ಹತ್ತಿ ತೊಳೆಯಲು ಕಟ್ಟಿದ್ದ ತೊಟ್ಟಿಗಳು ಹನ್ನೆರಡಿದ್ದವು, ಎಲ್ಲವೂ ತುಂಬಿ ತುಳುಕುತ್ತಿದ್ದವು. ಸುತ್ತ ಎಂಟು ಚೌಕ ಬಿಸಿಲು.

"ಈ ಅಂಕಿ ಬರೀತೀಯೇನಮ್ಮ?" ದಾದಾಪೀರರು ಕೇಳಿದರು.

ಜಾಗ ಪುರಸಭೆಯದು. ನಾನು ಬರೆದರೆ ನಾಳೆಯೇ ಆದೇಶವಾಗಿ, ಈ ಮುದುಕರು ಹಾಸಿಗೆ ಸುತ್ತಬೇಕಾಗಬಹುದು. ಬರೆಯದಿದ್ದರೆ ಮಾಚಮ್ಮ ಹೊರಡಬೇಕು. ನಾನು ಮಾಚಮ್ಮನ ಮುಖ ನೋಡಿದೆ. ಅವಳು ತೊಟ್ಟಿಯ ನೀರಿನಲ್ಲಿ ಕೈ ಅದ್ದಿಕೊಂಡೇ, "ಅವ್ರದ್ದು ಮಳೆ, ಅವ್ರೇ ಹೇಳ್ಲಿ" ಎಂದಳು.

"ನೀವು ಹೇಳೋವರೆಗೂ ಬರೆಯೋದಿಲ್ಲ" ಎಂದೆ. ಜಾಡಿಯನ್ನು ಅಲ್ಲೇ ಬಿಟ್ಟು ಬಂದೆವು. ದಾರಿಯುದ್ದಕ್ಕೂ ಕೊಡೆ ಬಿಚ್ಚುವುದನ್ನೂ ಮರೆತು ಮನೆ ಸೇರುವಾಗ ಒದ್ದೆಯಾಗಿದ್ದೆವು.

ಶುಕ್ರವಾರ ಹನ್ನೊಂದಕ್ಕೆ ಸಭೆ. ಸಭಾಂಗಣದ ತುಂಬ ಜನ, ಎಲ್ಲರೂ ಅರೆಒಣಗಿದ ಬಟ್ಟೆಯಲ್ಲಿ. ನಲವತ್ತೆರಡು ಮನೆಯವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದು ನಮ್ಮ ವರದಿಯನ್ನು ಓದಿದರು. ಯೋಗ್ಯವಾದ ಜಾಗ ಇರುವುದಿಲ್ಲ ಎಂಬ ಸಾಲು ಬಂದಾಗ ಸಭೆ ಗುಸುಗುಟ್ಟಿತು. ನಾನು ಎದ್ದು ನಿಂತೆ.

"ವರದಿ ತಪ್ಪಾಗಿದೆ ಮೇಡಂ. ಅದರಲ್ಲಿ ಒಂದು ಅಂಕಿ ನಾನು ಊಹಿಸಿ ಹಾಕಿದ್ದು."

ಗುರುಶಾಂತಪ್ಪನವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಹಾಗಾದರೆ ಸರಿಯಾದ ಅಂಕಿ ಎಷ್ಟು?" ಎಂದು ಅಧ್ಯಕ್ಷರು ಕೇಳಿದರು.

"ನನಗೆ ಗೊತ್ತಿದೆ. ಆದರೆ ನಾನು ಹೇಳೋ ಹಾಗಿಲ್ಲ."

ಸಭೆಯಲ್ಲಿ ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. "ಗೊತ್ತಿದ್ದೂ ಹೇಳೋದಿಲ್ಲ ಅಂದರೆ ನಿಮ್ಮನ್ನ ಯಾಕೆ ಇಟ್ಟುಕೊಂಡಿದ್ದೀವಿ?" ಎಂದರು. ನ್ಯಾಯವಾದ ಪ್ರಶ್ನೆಯೇ. ಗುರುಶಾಂತಪ್ಪನವರು ಎದ್ದು ಗಂಟಲು ಸರಿಮಾಡಿಕೊಂಡರು. "ಸಹಿ ನನ್ನದು ಮೇಡಂ. ಸರಾಸರಿ ಹಾಕು ಅಂದವನೂ ನಾನೇ. ಕೇಳೋದಿದ್ದರೆ ನನ್ನನ್ನ ಕೇಳಿ." ಆ ಮನುಷ್ಯನ ಬಗ್ಗೆ ನನಗೆ ಇದ್ದ ಅಷ್ಟೂ ಅಸಮಾಧಾನ ಆ ನಿಮಿಷದಲ್ಲಿ ಹೊರಟುಹೋಯಿತು.

ಅಷ್ಟರಲ್ಲಿ ಬಾಗಿಲ ಬಳಿ ಜನ ಸರಿದು ದಾರಿ ಬಿಟ್ಟರು. ದಾದಾಪೀರರು ಬರುತ್ತಿದ್ದರು. ಕೆಂಪು ಬ್ಯಾಂಡ್ ಕೋಟು, ಹಿತ್ತಾಳೆ ಗುಂಡಿಗಳು, ತಲೆಯ ಮೇಲೆ ಬ್ಯಾಂಡಿನ ಟೋಪಿ. ಎರಡೂ ಕೈಗಳಲ್ಲಿ ನನ್ನ ಜಾಡಿ, ಅದರ ಬಾಯಿಗೆ ಸ್ಟೀಲ್ ತಟ್ಟೆ ಮುಚ್ಚಿತ್ತು. ದಾರಿಯಲ್ಲಿ ಬೇರೆ ಚೌಕಗಳ ಮಳೆ ಬೀಳಬಾರದೆಂದು ಅಷ್ಟು ದೂರ ಹಾಗೇ ಹಿಡಿದುಕೊಂಡು ಬಂದಿದ್ದರು. ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಜಾಡಿಯೊಳಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಅದನ್ನು ಅಧ್ಯಕ್ಷರ ಮುಂದಿಟ್ಟು ತಟ್ಟೆ ತೆಗೆದರು.

"ನಿನ್ನೆ ಮೂರು ಗಂಟೆದು. ಓದಿಕೊಳ್ಳಿ."

ಅಧ್ಯಕ್ಷರು ಬಗ್ಗಿ ಓದಿದರು. "ನಲವತ್ತೆಂಟು."

"ದಿನಾ ಹೀಗೇ ಸುರಿಯುತ್ತೆ, ಸ್ವಲ್ಪ ಹೆಚ್ಚುಕಮ್ಮಿ. ಮಡಿವಾಳರು ಬರಲಿ. ಬೆಳಿಗ್ಗೆ ಒಗೀಲಿ, ಸುತ್ತ ಎಲ್ಲಿ ಬೇಕಾದರೂ ಒಣಗಾಕಲಿ. ಆದರೆ ಮೂರರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತೆ. ಆ ಒಂದು ತಾಸು ಅಂಗಳ ನಂದು. ನಾನೂ ಅಲ್ಲೇ ಇರ್ತೀನಿ."

ಅಧ್ಯಕ್ಷರು ತಮ್ಮ ಸೀರೆಯ ಅಂಚನ್ನು ಒಮ್ಮೆ ನೋಡಿಕೊಂಡು, "ಒಪ್ಪಿದೆ" ಎಂದರು. ಗುರುಶಾಂತಪ್ಪನವರು ನನ್ನ ಕಡೆ ಬಗ್ಗಿ, "ಆ ಷರತ್ತಿಗೂ ಒಂದು ಹಾಳೆ ಮಾಡಿ ಗುಣಿಸಿಬಿಡಿ" ಎಂದು ಪಿಸುಗುಟ್ಟಿದರು. ಹಿಂದಿನ ಗೋಡೆಯ ಹತ್ತಿರ ಶುರುವಾದ ಚಪ್ಪಾಳೆ ಇಡೀ ಸಭಾಂಗಣಕ್ಕೆ ಹಬ್ಬಿತು. ಒದ್ದೆ ತೋಳುಗಳಿಂದ ಹನಿಗಳು ಸಿಡಿದವು.

ಎರಡು ವಾರದ ಮೇಲೆ ನಾನು ಗಿರಣಿಯ ಕಡೆ ಹೋದೆ. ಗೋಡೆಯ ಸುತ್ತ ಎಂಟು ಚೌಕಗಳಲ್ಲೂ ಹಗ್ಗಗಳು. ಹಗ್ಗಗಳ ತುಂಬ ಊರಿನ ಬಟ್ಟೆ. ಆಸ್ಪತ್ರೆಯ ಚಾದರಗಳು, ಪೊಲೀಸಿನವರ ಖಾಕಿ, ಮಕ್ಕಳ ನೀಲಿ ಲಂಗ, ಅಧ್ಯಕ್ಷರ ರೇಷ್ಮೆ ಬೇರೆಯಾಗಿ ನೆರಳಿನಲ್ಲಿ. ಗಾಳಿಗೆ ಎಲ್ಲವೂ ಪಟಪಟ ಹೊಡೆದುಕೊಳ್ಳುತ್ತಿದ್ದವು. ಕೆಲಸ ಮುಗಿದಿತ್ತು, ಮೂರು ಗಂಟೆಯಾಗುತ್ತ ಬಂದಿತ್ತು. ಒಪ್ಪಂದದಂತೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಂಡಾಗಿತ್ತು. ಆದರೆ ಒಬ್ಬರೂ ಮನೆಗೆ ಹೋಗಿರಲಿಲ್ಲ. ಹೆಂಗಸರು ಗಂಡಸರೆಲ್ಲ ಗೋಡೆಯ ಬುಡದಲ್ಲಿ ಕಾಲು ಚಾಚಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಮಾಚಮ್ಮ ನನ್ನನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಗೋಡೆಯಾಚೆ ಮಳೆ ಶುರುವಾಯಿತು. ಅದರ ಹಿಂದೆಯೇ ಕ್ಲಾರಿನೆಟ್. ಹೆಣ್ಣು ಒಪ್ಪಿಸುವಾಗ ನುಡಿಸುವ ಧಾಟಿ. ನಿಧಾನವಾಗಿ ಏರಿತು, ಇನ್ನೂ ಏರಿತು, ತುದಿಯ ಸ್ವರಕ್ಕೆ ಕೈ ಚಾಚಿ ಅಲ್ಲೇ ಒಡೆಯಿತು. ಮತ್ತೆ ಮೊದಲಿನಿಂದ ಬಂತು, ಮತ್ತೆ ಅದೇ ಜಾಗದಲ್ಲಿ ಒಡೆಯಿತು. ಮೂರನೇ ಸಲ ಒಡೆದಾಗ ಮಾಚಮ್ಮ ಸುಮ್ಮನಿರಲಾಗದೆ ಎದ್ದು ನಿಂತು ಗೋಡೆಯಾಚೆಗೆ ಕೇಳುವಂತೆ ಕೂಗಿಬಿಟ್ಟಳು:

"ಇನ್ನೊಂದು ಚೂರು ಮ್ಯಾಲಕ್ಕೆ ಸಾಬ್ರೇ! ಇನ್ನೊಂದೇ ಚೂರು!"

ಕ್ಲಾರಿನೆಟ್ ನಿಂತುಹೋಯಿತು. ಮಾಚಮ್ಮ ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ಅವಳನ್ನು ದುರುಗುಟ್ಟಿ ನೋಡಿದರು. ಅತ್ತಣಿಂದ ಬರಿಯ ಮಳೆಯ ಸದ್ದು, ಇತ್ತ ಬರಿಯ ಬಟ್ಟೆಗಳ ಸದ್ದು. ಇನ್ನು ಆ ಬಾಗಿಲು ನಮಗೆ ತೆರೆಯುವುದಿಲ್ಲ ಎಂದುಕೊಂಡೆ.

ಆಮೇಲೆ ಒಳಗಿನಿಂದ ಕೆಮ್ಮು ಕೇಳಿಸಿತು. ಸ್ಟೂಲನ್ನು ಕಲ್ಲಿನ ಮೇಲೆ ದರದರ ಎಳೆದ ಸದ್ದು, ಗೋಡೆಯ ಹತ್ತಿರಕ್ಕೆ, ನಮ್ಮ ಹತ್ತಿರಕ್ಕೆ. ಉದ್ದಕ್ಕೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ದಾದಾಪೀರರು ಮೊದಲಿನಿಂದ ಶುರುಮಾಡಿದರು, ಈ ಸಲ ಜೋರಾಗಿ.